ನಾದಪೆಟ್ಟಿಗೆಯ ಗೃಹಕೈಗಾರಿಕೆ

ಗೋಡೆಗೆ ಒರಗಿ ನಿಂತ ಬೆರಳುದಪ್ಪದ ಟೆಲಿವಿಷನ್ ಚಿತ್ರವನ್ನು ಕಣ್ಣಿಗೆ ಕಟ್ಟುವಂತೆ ತೋರಿಸಬಲ್ಲುದು. ಆದರೆ ಅದರ ಮುಂದೆ ಒಂದು ಸಂಗೀತ ಕಚೇರಿಯನ್ನು ಕೇಳಲು ಕುಳಿತವರಿಗೆ, ತಂಬೂರಿಗೆ ಮಂದ್ರದ ತಂತಿ ಇದೆಯೋ ಇಲ್ಲವೋ ಎಂಬ ಸಂದೇಹ ಹುಟ್ಟದಿರದು. ಮೃದಂಗದ ಎಡಭಾಗ ಡಬ್ಬದ ಮೇಲೆ ತಟ್ಟಿದಂತೆ ಕೇಳುವುದು. ಗಾಯಕರ ಕಂಠ ಮೂಗಿನಿಂದ ಹೊರಟಂತೆ ತೋರುವುದು. ಹಿಂದಿನ ಕಾಲದ ಮರದ ರೇಡಿಯೋವೇ ಇದಕ್ಕಿಂತ ಲೇಸಾಗಿತ್ತೆಂದು ಮನೆಯ ಹಿರಿಯರು ಗೊಣಗಿದರೆ, ಅದನ್ನು ಹಳೆಯದರ ಮೇಲಣ ಮೋಹವೆಂದು ತಳ್ಳಿಹಾಕುವಂತಿಲ್ಲ. ಗಾಳಿಯನ್ನು ನೂಕಲು ತಕ್ಕಷ್ಟು ಅಗಲದ ಕಾಗದ, ಅದರ ಬೆನ್ನಿಗೆ ತಕ್ಕಷ್ಟು ದೊಡ್ಡ ಮರದ ಪೆಟ್ಟಿಗೆ, ಇವೆರಡೂ ಆ ರೇಡಿಯೋವಿನಲ್ಲಿದ್ದವು. ಈ ಚಪ್ಪಟೆ ಯಂತ್ರದಲ್ಲಿ ಎರಡಕ್ಕೂ ಎಡೆಯಿಲ್ಲ.

ಈ ಕೊರತೆಯನ್ನು ನೀಗಿಸಿಕೊಳ್ಳಲು ಅಂಗಡಿಗೆ ಹೋದವರು ಬೆಲೆ ಕೇಳಿ ಸುಮ್ಮನೆ ಹಿಂದಿರುಗುವುದೂ ಉಂಟು. ಮೇಲ್ದರ್ಜೆಯ ವಿದೇಶೀ ಸ್ಪೀಕರುಗಳ ಒಂದು ಜೋಡಿಯ ಬೆಲೆಗೆ ಸ್ಕೂಟರೊಂದು ಬರುವುದು. ಇನ್ನೂ ಮೇಲೇರಿದರೆ ಕಾರೇ ಬರುವುದು. ಬಿಚ್ಚಿ ನೋಡಿದರೆ ಒಳಗಿರುವುದು ನಾಲ್ಕಾರು ಹಲಗೆ, ಎರಡೋ ಮೂರೋ ಡ್ರೈವರು, ಒಂದು ಹಿಡಿ ತಂತಿಸುರುಳಿ. ಇಷ್ಟನ್ನು ಮನೆಯಲ್ಲೇ ಜೋಡಿಸಲಾಗದೆ? ಈ ಪ್ರಶ್ನೆಯಿಂದಲೇ ಲೋಕದ ನಾನಾ ಕಡೆಗಳಲ್ಲಿ ಒಂದು ಹವ್ಯಾಸ ಬೆಳೆದು ನಿಂತಿದೆ. ಇಂಜಿನಿಯರು, ಬ್ಯಾಂಕಿನ ಗುಮಾಸ್ತ, ನಿವೃತ್ತ ಉಪಾಧ್ಯಾಯ, ಹೀಗೆ ಬಗೆಬಗೆಯ ಜನ ರಜೆಯ ದಿನಗಳಲ್ಲಿ ಗರಗಸ ಹಿಡಿದು ಕುಳಿತಿರುವರು. ಮನೆಯಲ್ಲೇ ನಾದದ ಯಂತ್ರ ಹೂಡುವ ಉತ್ಸಾಹ ಕನ್ನಡ ನಾಡಿಗೂ ಹೊಸದಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಪುಟ್ಟ ಬಾನುಲಿ ಕೇಂದ್ರವೊಂದನ್ನು ಸ್ಥಾಪಿಸಿದರು. ‘ಆಕಾಶವಾಣಿ’ ಎಂಬ ಅದರ ಹೆಸರೇ ಮುಂದೆ ಇಡೀ ದೇಶದ ಬಾನುಲಿಗೆ ನಿಂತಿತು.

ಆದರೆ ಈ ಹವ್ಯಾಸದಲ್ಲಿ ಹಣ ಉಳಿಯುವಂತೆಯೇ ಹಣ ಮುಳುಗುವುದೂ ಸುಲಭ. ಡೆನ್ಮಾರ್ಕಿನಿಂದಲೋ ನಾರ್ವೆಯಿಂದಲೋ ತರಿಸಿದ ಡ್ರೈವರುಗಳಿಗೆ ಸಾಗಣೆ, ಸುಂಕಗಳೆಲ್ಲ ಸೇರಿದಾಗ ಒಂದು ತಿಂಗಳ ಸಂಬಳವೇ ಕರಗುವ ಸಂಭವವಿದೆ. ಹಲಗೆಯಲ್ಲಿ ತಪ್ಪಾಗಿ ಕೊರೆದ ತೂತು ಮುಚ್ಚುವುದಿಲ್ಲ. ಸುಟ್ಟುಹೋದ ಟ್ವೀಟರನ್ನು ಯಾವ ಅಂಗಡಿಯವನೂ ಹಿಂದಕ್ಕೆ ತೆಗೆದುಕೊಳ್ಳನು. ಹೀಗಿರಲು ಹೊಸಬನ ಬಾಯಲ್ಲಿ ಮೊದಲು ಬರುವ ಪ್ರಶ್ನೆ, “ಯಾವ ಡ್ರೈವರ್ ಎಲ್ಲಕ್ಕಿಂತ ಉತ್ತಮ?” ಎಂಬುದು. ಇದು ಮೊದಲು ಕೇಳಬೇಕಾದ ಪ್ರಶ್ನೆಯಲ್ಲ ಎಂಬುದನ್ನು ಸ್ಪೀಕರಿನ ಚರಿತ್ರೆಯೇ ಸಾರುತ್ತದೆ.

ಕಾಗದದ ಬೆನ್ನಿನ ಸದ್ದು

ಇಂದು ಬಳಕೆಯಲ್ಲಿರುವ ಡ್ರೈವರಿನ ರೂಪ ಬಹುಮಟ್ಟಿಗೆ 1925ರಷ್ಟು ಹಳೆಯದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಎಂಬ ಇಬ್ಬರು ಇಂಜಿನಿಯರರು ಅದನ್ನು ಆ ವರ್ಷ ವಿದ್ವಾಂಸರ ಮುಂದಿಟ್ಟರು. ಅಯಸ್ಕಾಂತದ ಕಿರಿದಾದ ಸಂದಿನಲ್ಲಿ ತಂತಿಯ ಸುರುಳಿಯೊಂದು ತೂಗಾಡುವುದು. ಆಂಪ್ಲಿಫೈಯರಿನಿಂದ ಬಂದ ವಿದ್ಯುತ್ತು ಅದರಲ್ಲಿ ಹರಿದಾಗ ಸುರುಳಿ ಹಿಂದಕ್ಕೂ ಮುಂದಕ್ಕೂ ಚಲಿಸುವುದು. ಅದಕ್ಕೆ ಅಂಟಿಸಿದ ಕಾಗದದ ಕೋನು ಗಾಳಿಯನ್ನು ನೂಕುವುದು. ಯಂತ್ರವೆಂದರೆ ಇಷ್ಟೆ.

ತೊಡಕು ಇರುವುದು ಕೋನಿನ ಬೆನ್ನಿನಲ್ಲಿ. ಮುಂದಿನ ಗಾಳಿ ಒತ್ತಲ್ಪಟ್ಟಾಗ ಹಿಂದಿನ ಗಾಳಿ ಸಡಿಲವಾಗುವುದು. ತಗ್ಗು ಸ್ವರಗಳ ಅಲೆಗಳಾದರೋ ಬಲು ಉದ್ದ. ಸೆಕೆಂಡಿಗೆ 50 ಕಂಪನಗಳ ಸ್ವರದ ಅಲೆ ಸುಮಾರು 7 ಮೀಟರಿನಷ್ಟಿರುವುದು. ಅಂಥ ಅಲೆ ಕೋನಿನ ಅಂಚನ್ನು ಬಳಸಿ ಹಿಂದಿನ ಅಲೆಯನ್ನು ಸೇರುವುದರಿಂದ ಒಂದು ಇನ್ನೊಂದನ್ನು ನುಂಗಿಬಿಡುವುದು. ಇದನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಬರಿಯ ಡ್ರೈವರೊಂದನ್ನು ಮೇಜಿನ ಮೇಲಿಟ್ಟು ಮೆಲುವಾಗಿ ಹಾಡಿಸಿದರೆ ಸದ್ದು ಬಡಕಲಾಗಿ ಕೇಳುವುದು. ಅದನ್ನೇ ರಟ್ಟಿನ ಪೆಟ್ಟಿಗೆಯ ಮುಖದಲ್ಲಿ ತೂತು ಕೊರೆದು ಕೂರಿಸಿದ ಒಡನೆಯೇ ದನಿಗೆ ಮೈ ಬರುವುದು. ಸಾಮಾನ್ಯ ರಟ್ಟಿನಿಂದಲೇ ಇಷ್ಟು ವ್ಯತ್ಯಾಸ! ಬೆನ್ನಿನ ಸದ್ದನ್ನು ಏನು ಮಾಡಬೇಕೆಂಬುದೇ ಮುಂದಿನ ಕಾಲು ಶತಮಾನದ ಚಿಂತೆಯಾಯಿತು. ಕೆಲವರು ಗೋಡೆಯಲ್ಲಿಯೇ ತೂತು ತೆಗೆಸಿದರು. ಕೆಲವರು ಬೀರುವಿನ ಗಾತ್ರದ ಪೆಟ್ಟಿಗೆ ಮಾಡಿಸಿದರು. ಇನ್ನು ಕೆಲವರು ಕೋಣೆಯ ಮೂಲೆಯನ್ನೇ ಕಹಳೆಯ ಬಾಯಾಗಿ ಬಳಸಿಕೊಂಡರು. ಸ್ವರ ಇಳಿಯಬೇಕಾದರೆ ಪೆಟ್ಟಿಗೆ ಬೆಳೆಯಬೇಕೆಂಬುದು ಶಾಸನದಂತಾಗಿತ್ತು.

ಹಾಸಿಗೆಯ ಬಟ್ಟೆ ಮತ್ತು ಗಾಳಿಯ ಸ್ಪ್ರಿಂಗು

ಆ ಶಾಸನವನ್ನು ಮುರಿದವರು ಎಡ್ಗರ್ ವಿಲ್ಚರ್. ನ್ಯೂಯಾರ್ಕ್ ವಿಶ್ವವಿದ್ಯಾನಿಲಯದಲ್ಲಿ ಧ್ವನಿಯ ಪುನರುತ್ಪಾದನೆಯನ್ನು ಕುರಿತು ಪಾಠ ಹೇಳುತ್ತಿದ್ದ, ಪತ್ರಿಕೆಗಳಿಗೆ ಲೇಖನ ಬರೆಯುತ್ತಿದ್ದ ಈತ ವಾಸವಾಗಿದ್ದುದು ವುಡ್‌ಸ್ಟಾಕ್ ಎಂಬ ಊರಿನಲ್ಲಿ. ಕೋನಿನ ಚಲನೆಯನ್ನು ಹಿಡಿದಿಡುತ್ತಿದ್ದುದು ಅಂದಿನವರೆಗೆ ಅದರ ಅಂಚಿನ ಬಿಗಿಯಾದ ಕಾಗದ. ಕಾಗದದ ಬಿಗಿತ ಎಲ್ಲ ಕಡೆಗೂ ಒಂದೇ ಸಮನಾಗಿರುವುದಿಲ್ಲವಾದ್ದರಿಂದ ತಗ್ಗು ಸ್ವರಗಳು ವಕ್ರಗೊಳ್ಳುತ್ತಿದ್ದವು. ಅಂಚನ್ನು ತೀರ ಸಡಿಲಗೊಳಿಸಿ, ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗೆ ಸೆರೆಯಾದ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿದರೆ ಹೇಗೆ ಎಂಬುದು ವಿಲ್ಚರರ ಯೋಚನೆ. ಗಾಳಿಯಂಥ ಪ್ರಾಮಾಣಿಕ ಸ್ಪ್ರಿಂಗು ಇನ್ನೊಂದಿಲ್ಲ. ಅದು ಕೆಲಸ ಮಾಡಬೇಕಾದರೆ ಪೆಟ್ಟಿಗೆ ಚಿಕ್ಕದಾಗಿಯೇ ಇರಬೇಕೆಂಬುದು ಈ ಯೋಚನೆಯ ಸೊಗಸು.

ಅಂಥ ಸಡಿಲ ಅಂಚಿನ ಡ್ರೈವರ್ ಪೇಟೆಯಲ್ಲಿರಲಿಲ್ಲ. ವಿಲ್ಚರರ ಪತ್ನಿ ರೋಸ್‌ಮೇರಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿದವರು. ಆಕೆಯೇ ಅಂಚಿಗೊಂದು ಮಾದರಿ ಕತ್ತರಿಸಿ, ಹಾಸಿಗೆಯ ಗವಸಿನ ಹತ್ತಿಬಟ್ಟೆಯಿಂದ ಹೊಲಿದುಕೊಟ್ಟರು. ಸ್ಪೀಕರಿನ ಚರಿತ್ರೆಯ ಪುಟ ತಿರುಗಿದ್ದು ಗೃಹಿಣಿಯೊಬ್ಬರ ಸೂಜಿ ದಾರಗಳಿಂದ ಎಂದರೆ ಅತಿಶಯೋಕ್ತಿಯಾಗಲಾರದು. ವಿಲ್ಚರರ ಪಾಠ ಕೇಳಿದ್ದ ಹೆನ್ರಿ ಕ್ಲಾಸ್ ಎಂಬ ತರುಣನೊಬ್ಬ ಮ್ಯಾಸಚೂಸೆಟ್ಸಿನ ಕೇಂಬ್ರಿಡ್ಜಿನಲ್ಲಿ ಮೊದಲೇ ಸ್ಪೀಕರ್ ಪೆಟ್ಟಿಗೆಗಳನ್ನು ಮಾಡುತ್ತಿದ್ದನು. ಇಬ್ಬರೂ ಕೂಡಿ 1954ರಲ್ಲಿ ಅಕೌಸ್ಟಿಕ್ ರಿಸರ್ಚ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಪುಸ್ತಕದ ಕಪಾಟಿನಲ್ಲಿ ಕೂರಬಲ್ಲ ಪೆಟ್ಟಿಗೆಯಿಂದ ಬೀರುವಿನ ಗಾತ್ರದ ಪೆಟ್ಟಿಗೆಗಳನ್ನು ನಾಚಿಸುವ ಮಂದ್ರ ಹೊರಟಾಗ ಜನ ನಂಬಲಿಲ್ಲ. ಅದಕ್ಕೆಂದೇ ವಿಲ್ಚರ್ ಸಭಾಂಗಣಗಳಲ್ಲಿ ಫೈನ್ ಆರ್ಟ್ಸ್ ಕ್ವಾರ್ಟೆಟ್ ಎಂಬ ಪಿಟೀಲು ತಂಡವನ್ನು ಕೂರಿಸಿ, ವಾದನದ ನಡುನಡುವೆ ಮುದ್ರಿತ ಸಂಗೀತವನ್ನು ಸ್ಪೀಕರುಗಳಿಂದ ನುಡಿಸಿದರು. ವಾದಕರು ಕಮಾನು ಎಳೆಯುವಂತೆ ನಟಿಸುತ್ತಿದ್ದರೂ ಸದ್ದು ಪೆಟ್ಟಿಗೆಯಿಂದ ಬರುತ್ತಿರುವುದನ್ನು ಅನೇಕರು ಗುರುತಿಸಲಾರದೆ ಹೋದರು.

ವಿಲ್ಚರ್ ಮುಂದೆ ಸ್ಪೀಕರುಗಳನ್ನು ಬಿಟ್ಟು ಕಿವುಡರ ಶ್ರವಣಯಂತ್ರದ ಕಡೆಗೆ ತಿರುಗಿದರು; 1973ರಲ್ಲಿ ಪ್ರಕಟಿಸಿದ ತಮ್ಮ ಸಂಶೋಧನೆಗೆ ಹಕ್ಕುಸ್ವಾಮ್ಯ ಪಡೆಯದೆ ಎಲ್ಲರಿಗೂ ಬಿಟ್ಟುಕೊಟ್ಟರು. ಆ ಕಥೆ ಬೇರೆ. ಇಲ್ಲಿ ಗಮನಿಸಬೇಕಾದುದೆಂದರೆ, ಅವರ ಗೆಲುವು ಡ್ರೈವರಿನ ಗೆಲುವೂ ಅಲ್ಲ, ಪೆಟ್ಟಿಗೆಯ ಗೆಲುವೂ ಅಲ್ಲ. ಒಂದಕ್ಕೆಂದೇ ಇನ್ನೊಂದು ಹುಟ್ಟಿದುದರ ಗೆಲುವು. ಆ ಸಡಿಲ ಅಂಚಿನ ಡ್ರೈವರನ್ನು ಬೇರೆ ಪೆಟ್ಟಿಗೆಯಲ್ಲಿ ಕೂರಿಸಿದ್ದರೆ ಅದು ಕೆಲಸಕ್ಕೆ ಬಾರದ ವಸ್ತುವಾಗುತ್ತಿತ್ತು.

ಮೂರು ಅಂಕಿಗಳು

ಯಾವ ಡ್ರೈವರಿಗೆ ಯಾವ ಪೆಟ್ಟಿಗೆ ಎಂಬುದನ್ನು ಮೊದಲೇ ಲೆಕ್ಕ ಹಾಕಿ ಹೇಳುವ ವಿದ್ಯೆ ಬಂದದ್ದು ಆಸ್ಟ್ರೇಲಿಯದಿಂದ. ನೆವಿಲ್ ಥೀಲ್ ಎಂಬ ಇಂಜಿನಿಯರರು 1961ರಲ್ಲಿ ಅಲ್ಲಿನ ರೇಡಿಯೋ ಇಂಜಿನಿಯರರ ಪತ್ರಿಕೆಯಲ್ಲಿ ಪ್ರಬಂಧವೊಂದನ್ನು ಪ್ರಕಟಿಸಿದರು. ಹೊರಗಿನ ಪ್ರಪಂಚ ಅದನ್ನು ಓದಿದಂತೆಯೇ ಕಾಣಲಿಲ್ಲ. ಹತ್ತು ವರ್ಷಗಳ ಅನಂತರ, 1971ರಲ್ಲಿ, ಅಮೆರಿಕದ ಆಡಿಯೋ ಇಂಜಿನಿಯರಿಂಗ್ ಸೊಸೈಟಿಯ ಪತ್ರಿಕೆ ಅದನ್ನು ಮರುಮುದ್ರಿಸಿತು. ಸಿಡ್ನಿ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸುತ್ತಿದ್ದ ರಿಚರ್ಡ್ ಸ್ಮಾಲ್ ಆ ಲೆಕ್ಕವನ್ನು ವಿಸ್ತರಿಸಿ 1972–73ರಲ್ಲಿ ಸಾಲಾಗಿ ಪ್ರಬಂಧಗಳನ್ನು ಬರೆದರು. ಇಂದು ಯಾವ ಡ್ರೈವರಿನ ವಿವರಪತ್ರವನ್ನು ತೆರೆದರೂ ಈ ಇಬ್ಬರ ಹೆಸರಿನ ಅಂಕಿಗಳು ಕಾಣುವುವು.

ಅವುಗಳಲ್ಲಿ ಮೂರನ್ನು ಅರಿತರೆ ಗೃಹಕೃತ್ಯಕ್ಕೆ ಸಾಕು. ಮೊದಲನೆಯದು, ಎಫ್.ಎಸ್. ಕೋನನ್ನು ಬೆರಳಿಂದ ತಟ್ಟಿದರೆ ಅದು ತಾನಾಗಿ ಸೆಕೆಂಡಿಗೆ ಎಷ್ಟು ಸಲ ತೂಗುವುದು ಎಂಬ ಅಂಕಿ. ಎರಡನೆಯದು, ಕ್ಯು.ಟಿ.ಎಸ್. ತೂಗಿದ ಕೋನು ಎಷ್ಟು ಬೇಗ ನಿಲ್ಲುವುದೆಂಬುದರ ಅಳತೆ. ತೂಗಿ ಬಿಟ್ಟ ತೊಟ್ಟಿಲು ಒಡನೆ ನಿಂತರೆ ಅಂಕಿ ಚಿಕ್ಕದು, ಬಹುಕಾಲ ಓಲಾಡಿದರೆ ದೊಡ್ಡದು. ಮೂರನೆಯದು, ವಿ.ಎ.ಎಸ್. ಕೋನಿನ ಅಂಚಿನ ಬಿಗಿತಕ್ಕೆ ಸರಿಸಮನಾದ ಬಿಗಿತವುಳ್ಳ ಗಾಳಿ ಎಷ್ಟು ಲೀಟರ್ ಎಂಬುದು.

ಉದಾಹರಣೆಗೆ ಆರೂವರೆ ಅಂಗುಲದ ವೂಫರೊಂದರ ಅಂಕಿಗಳು ಕ್ರಮವಾಗಿ 30 ಹರ್ಟ್ಜ್, 0.35 ಮತ್ತು 30 ಲೀಟರ್ ಎಂದಿಟ್ಟುಕೊಳ್ಳಬಹುದು. ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿದಾಗ ಒಟ್ಟು ಕ್ಯು ಅಂಕಿ 0.7ರ ಸಮೀಪ ನಿಂತರೆ ಮಂದ್ರ ಉಬ್ಬದೆ ಕುಗ್ಗದೆ ಸಮನಾಗಿ ಇಳಿಯುವುದು. ಲೆಕ್ಕ ಹಾಕಿದರೆ ಈ ಡ್ರೈವರಿಗೆ ಸುಮಾರು 10 ಲೀಟರಿನ ಪೆಟ್ಟಿಗೆ ಬೇಕಾಗುವುದು. ಒಳ ಅಳತೆ 17 ಸೆಂ.ಮೀ. ಅಗಲ, 18 ಸೆಂ.ಮೀ. ಆಳ, 33 ಸೆಂ.ಮೀ. ಎತ್ತರವಿದ್ದರೆ ಅಷ್ಟಾಯಿತು, ಡ್ರೈವರಿನ ಬೆನ್ನು ಆಕ್ರಮಿಸುವ ಜಾಗವನ್ನು ಇದಕ್ಕೆ ಸೇರಿಸಿಕೊಳ್ಳಬೇಕು. ಆಗ ಮಂದ್ರದ ಎಲ್ಲೆ 61 ಹರ್ಟ್ಜ್ ಆಗುವುದು. ಜಾಗ ಉಳಿಸುವ ಆಸೆಯಿಂದ ಅದೇ ಡ್ರೈವರನ್ನು 4 ಲೀಟರಿಗೆ ತುರುಕಿದರೆ ಕ್ಯು ಅಂಕಿ 1ನ್ನು ದಾಟಿ, ಎಲ್ಲೆ 68 ಹರ್ಟ್ಜಿಗೆ ಏರುವುದು. ಇರುವ ಮಂದ್ರವೂ ‘ಗುಂಯ್’ ಎನ್ನಲಾರಂಭಿಸುವುದು. ದೊಡ್ಡದು ಮಾಡಿದರೆ ಲಾಭವೇ ಎಂದರೆ ಅದೂ ಅಲ್ಲ. 30 ಲೀಟರಿನಲ್ಲಿ ಮಂದ್ರ ಮೇಲಿನಿಂದಲೇ ಮೆಲ್ಲಗೆ ಜಾರತೊಡಗುವುದು. ಹೆಚ್ಚು ಮರ, ಕಡಿಮೆ ದನಿ!

61 ಹರ್ಟ್ಜ್ ಸಾಕೆ? ಪಾಶ್ಚಾತ್ಯ ಪಿಯಾನೋವಿನ ಕಟ್ಟಕಡೆಯ ಮನೆ 27.5 ಹರ್ಟ್ಜಿನಷ್ಟು ತಗ್ಗಿನಲ್ಲಿದೆ. ಅದನ್ನು ಬಯಸುವವರಿಗೆ ಸಾಲದು. ಆದರೆ ಹಾರ್ಮೋನಿಯಂನ ಬಿಳಿ ಒಂದನೆಯ ಮನೆಯನ್ನು ಷಡ್ಜವಾಗಿಟ್ಟು ಹಾಡುವ ಗಾಯಕರ ಮಧ್ಯಷಡ್ಜ ಸುಮಾರು 131 ಹರ್ಟ್ಜ್. ಅವರ ತಂಬೂರಿಯ ಮಂದ್ರಷಡ್ಜ 65. ಹತ್ತು ಲೀಟರಿನ ಈ ಪುಟ್ಟ ಪೆಟ್ಟಿಗೆ ಆ ತಂತಿಯನ್ನು ಮುಟ್ಟಬಲ್ಲುದು. ಮನೆಯಲ್ಲಿ ಏನು ಕೇಳುವರು ಎಂಬುದು, ಯಾವ ಡ್ರೈವರ್ ಎಂಬ ಪ್ರಶ್ನೆಗಿಂತ ಮೊದಲು ಬರಬೇಕಾದುದು ಈ ಕಾರಣದಿಂದ. ಕರ್ನಾಟಕ ಸಂಗೀತಕ್ಕೆಂದು ಹನ್ನೆರಡು ಅಂಗುಲದ ವೂಫರ್ ತಂದು ಹಾಲಿನ ಅರ್ಧವನ್ನು ಪೆಟ್ಟಿಗೆಗೆ ಬಿಟ್ಟುಕೊಡುವುದು ಅನಾವಶ್ಯಕ.

ಪೆಟ್ಟಿಗೆಗೆ ಕೊಳವೆ ಕೂರಿಸಿ ಬೆನ್ನಿನ ಸದ್ದನ್ನೂ ದುಡಿಸಿಕೊಳ್ಳುವ ಇನ್ನೊಂದು ವಿಧಾನವುಂಟು. ಥೀಲರ ಪ್ರಬಂಧವಿರುವುದು ಅದನ್ನು ಕುರಿತೇ. ಅದರಿಂದ ಮಂದ್ರ ಇನ್ನೂ ಕೆಳಗಿಳಿಯುವುದು, ಆದರೆ ಕೊಳವೆಯ ಅಳತೆ ತಪ್ಪಿದರೆ ಫಲ ಕೆಡುವುದು. ಮೊದಲ ಪ್ರಯತ್ನಕ್ಕೆ ಮುಚ್ಚಿದ ಪೆಟ್ಟಿಗೆಯೇ ಕ್ಷಮಾಶೀಲ.

ಡ್ರೈವರಿನ ಸ್ವಭಾವ

ಇಷ್ಟಾದ ಮೇಲೆ ಡ್ರೈವರಿನ ಅಂಗಡಿಗೆ ಕಾಲಿಡಬಹುದು. ಬೆಂಗಳೂರಿನ ಎಸ್. ಪಿ. ರಸ್ತೆಯ ಸಾಲಂಗಡಿಗಳಲ್ಲಿ ತಂತಿ, ಕೆಪಾಸಿಟರುಗಳಿಗೆ ಬರವಿಲ್ಲ. ಹವ್ಯಾಸಿಗಳು ಹೆಸರಿಸುವ ಡ್ರೈವರುಗಳೋ ಬೇರೆ ಬೇರೆ ದೇಶದವು: ಡೆನ್ಮಾರ್ಕಿನ ಸ್ಕ್ಯಾನ್‌ಸ್ಪೀಕ್, ನಾರ್ವೆಯ ಸೀಸ್, ಇಂಡೊನೇಷ್ಯದ ಎಸ್‌ಬಿ ಅಕೌಸ್ಟಿಕ್ಸ್, ಅಮೆರಿಕದ ಡೇಟನ್, ಜಪಾನಿನ ಫಾಸ್ಟೆಕ್ಸ್. ಹೆಸರು ಬೆಲೆಯನ್ನು ಹೇಳೀತೇ ಹೊರತು ಹೊಂದಾಣಿಕೆಯನ್ನು ಹೇಳದು.

ಕೋನಿನ ದ್ರವ್ಯವನ್ನು ಕುರಿತು ಹವ್ಯಾಸಿಗಳಲ್ಲಿ ಕೊನೆಯಿಲ್ಲದ ವಾದಗಳಿವೆ. ಅಲ್ಯೂಮಿನಿಯಂ, ಮೆಗ್ನೀಸಿಯಂ ಕೋನುಗಳು ತಮ್ಮ ಮಿತಿಯೊಳಗೆ ಬಲು ಗಟ್ಟಿ, ಬಲು ನಿಷ್ಕಳಂಕ. ಆದರೆ ಮಿತಿ ದಾಟಿದ ಒಡನೆ, ಸಾಮಾನ್ಯವಾಗಿ ಕೆಲವು ಸಾವಿರ ಹರ್ಟ್ಜುಗಳ ಮೇಲೆ, ಕಂಚಿನ ತಟ್ಟೆಯಂತೆ ಮೊಳಗುವುವು. ಆ ಮೊಳಗನ್ನು ಅಡಗಿಸಲು ಬಲ್ಲವರ ಕೈಬೇಕು. ಕಾಗದವಾದರೋ ಹದವಾಗಿ, ಗಲಾಟೆಯಿಲ್ಲದೆ ಹಿಂದೆ ಸರಿಯುವುದು. ಶತಮಾನದ ಹಿಂದೆ ರೈಸ್ ಮತ್ತು ಕೆಲಾಗ್ ಆರಿಸಿಕೊಂಡ ಈ ಬಡ ದ್ರವ್ಯ ಇಂದಿಗೂ ಅತಿ ಬೆಲೆಯ ಡ್ರೈವರುಗಳಲ್ಲಿ ಉಳಿದಿರುವುದು ಸುಮ್ಮನೆ ಅಲ್ಲ. ಹೊಸಬನಿಗೆ ಕಾಗದವೋ ಪಾಲಿಪ್ರಾಪಿಲೀನೋ ಸಾಕು.

ಕೋನಿಗಿಂತ ಹೆಚ್ಚು ಪರೀಕ್ಷಿಸಿ ನೋಡಬೇಕಾದುದು ಅದರ ಅಂಚನ್ನು. ಫೋಮಿನ ಅಂಚು ಹತ್ತು ಹದಿನೈದು ವರ್ಷಗಳಲ್ಲಿ ಪುಡಿಪುಡಿಯಾಗಿ ಉದುರುವುದು. ಸೆಕೆಯೂ ತೇವವೂ ಕೂಡಿದ ಮಂಗಳೂರಿನಂಥ ಊರುಗಳಲ್ಲಿ ಇನ್ನೂ ಬೇಗ. ರಬ್ಬರಿನ ಅಂಚು ದೀರ್ಘಾಯು. ಹಳೆಯ ಸಾಮಾನಿನ ಅಂಗಡಿಯಲ್ಲಿ ಅಗ್ಗಕ್ಕೆ ಸಿಕ್ಕ ಡ್ರೈವರಿನ ಕೋನನ್ನು ಎರಡು ಬೆರಳಿಂದ ಸಮನಾಗಿ ಒತ್ತಿ ನೋಡಬೇಕು. ಒಳಗೆ ‘ಕರ್’ ಎಂದು ಉಜ್ಜಿದರೆ ಸುರುಳಿ ಸ್ಥಾನ ಬಿಟ್ಟಿದೆಯೆಂದು ತಿಳಿದು ಕೆಳಗಿಡುವುದು ಲೇಸು.

ವೂಫರ್ ದೊಡ್ಡದಾದಷ್ಟೂ ಅದರ ತಾರಸ್ವರಗಳು ಟಾರ್ಚಿನ ಬೆಳಕಿನಂತೆ ನೇರವಾಗಿ ಮುಂದಕ್ಕೆ ಮಾತ್ರ ಹೋಗುವುವು. ಬದಿಯ ಕುರ್ಚಿಯಲ್ಲಿ ಕುಳಿತವರಿಗೆ ಮಂಕಾಗಿ ಕೇಳುವುದು. ಅಲೆಯ ಉದ್ದ ಕೋನಿನ ಅಗಲದಷ್ಟಕ್ಕೆ ಇಳಿಯುವ ಹೊತ್ತಿಗೆ ಟ್ವೀಟರ್ ಭಾರ ಹೊರಬೇಕು. ಆರೂವರೆ ಅಂಗುಲದ ವೂಫರಿನ ಚಲಿಸುವ ಭಾಗ ಸುಮಾರು 13 ಸೆಂ.ಮೀ.; 2,500 ಹರ್ಟ್ಜಿನ ಅಲೆ 14 ಸೆಂ.ಮೀ. ಹಾಗಾಗಿ ಇವೆರಡರ ಗಡಿ ಅಲ್ಲೇ ಆಸುಪಾಸಿನಲ್ಲಿ ಬೀಳುವುದು ಸಹಜ. ಟ್ವೀಟರಿನ ಎಫ್.ಎಸ್. ಆ ಗಡಿಯ ಅರ್ಧಕ್ಕಿಂತ ಕೆಳಗಿರಬೇಕು. ಇಲ್ಲವಾದರೆ ಅದು ಅರಚಿ, ಬಳಲಿ, ಕಡೆಗೊಂದು ದಿನ ಸುಟ್ಟುಹೋಗುವುದು.

ಸಾಮರ್ಥ್ಯದಲ್ಲಿಯೂ ಜೋಡಿ ಹೊಂದಬೇಕು. ಇಲ್ಲೊಂದು ಗುಟ್ಟಿದೆ. ಪೆಟ್ಟಿಗೆಯ ಮುಖ 20 ಸೆಂ.ಮೀ. ಅಗಲವಿದ್ದರೆ, 500–600 ಹರ್ಟ್ಜಿನಿಂದ ಕೆಳಗಿನ ಅಲೆಗಳು ಪೆಟ್ಟಿಗೆಯನ್ನು ಸುತ್ತಿಕೊಂಡು ಹಿಂದಕ್ಕೂ ಹರಡುವುದರಿಂದ ಮುಂದೆ ಕುಳಿತವರಿಗೆ ಅವು ತೆಳುವಾಗುವುವು. ಈ ನಷ್ಟ 6 ಡೆಸಿಬೆಲ್‌ವರೆಗೆ ಹೋಗಬಹುದು. ಹಿಂದಿನ ಗೋಡೆ ಒಂದಿಷ್ಟನ್ನು ಮರಳಿಸುವುದು. 87 ಡೆಸಿಬೆಲಿನ ವೂಫರ್ ಪೆಟ್ಟಿಗೆಯಲ್ಲಿ ಕುಳಿತ ಮೇಲೆ 83ರದಾಗಿ ಉಳಿದರೆ, 90ರ ಟ್ವೀಟರನ್ನು ರೆಸಿಸ್ಟರುಗಳಿಂದ 7ರಷ್ಟು ತಗ್ಗಿಸಬೇಕು. ಟ್ವೀಟರನ್ನು ತಗ್ಗಿಸಬಹುದು, ಏರಿಸಲಾಗದು. ಈ ಲೆಕ್ಕವನ್ನು ಬಿಟ್ಟವರ ಸ್ಪೀಕರುಗಳು ಅಂಗಡಿಯ ಸ್ಪೀಕರಿಗಿಂತ ‘ಸ್ಪಷ್ಟ’ವಾಗಿವೆಯೆಂದು ಮೊದಲ ವಾರ ಸಂತೋಷಕೊಟ್ಟು, ಎರಡನೆಯ ವಾರ ತಲೆನೋವು ತರುವುವು.

ಗಡಿಯ ವ್ಯಾಜ್ಯ

ಸ್ವರಗಳನ್ನು ವೂಫರಿಗೂ ಟ್ವೀಟರಿಗೂ ಪಾಲು ಮಾಡಿ ಕೊಡುವ ಕಾಯಿಲು, ಕೆಪಾಸಿಟರುಗಳ ಗುಂಪಿಗೆ ಕ್ರಾಸ್‌ಓವರ್ ಎಂದು ಹೆಸರು. ಮನೆಯಲ್ಲಿ ತಯಾರಾದ ಸ್ಪೀಕರುಗಳು ಸೋಲುವುದು ಬಹುಮಟ್ಟಿಗೆ ಇಲ್ಲಿಯೇ. ಪೇಟೆಯಲ್ಲಿ ಸಿದ್ಧವಾದ ಕ್ರಾಸ್‌ಓವರ್ ಹಲಗೆಗಳು ದೊರೆಯುತ್ತವೆ. ಡ್ರೈವರ್ ಎಲ್ಲ ಸ್ವರಗಳಲ್ಲಿಯೂ ಸ್ಥಿರವಾಗಿ 8 ಓಮ್ ಇರುವುದೆಂದು ನಂಬಿ ಅವನ್ನು ಮಾಡಿರುತ್ತಾರೆ. ಯಾವ ಡ್ರೈವರೂ ಹಾಗಿರುವುದಿಲ್ಲ. ತನ್ನ ಸಹಜ ಕಂಪನದ ಬಳಿ ಅದರ ಪ್ರತಿರೋಧ ಗೋಪುರದಂತೆ ಏರುವುದು, ಇಳಿಯುವುದು, ತಾರಸ್ಥಾಯಿಯಲ್ಲಿ ಮತ್ತೆ ಏರುವುದು. ಆದ್ದರಿಂದ 2,500 ಎಂದು ಚೀಟಿ ಅಂಟಿಸಿದ ಗಡಿ ಎಲ್ಲಿಯೋ ಹೋಗಿ ಬೀಳುವುದು. ಅದೇನೂ ನಿರ್ಜನ ಪ್ರದೇಶವಲ್ಲ. ಮನುಷ್ಯನ ಕಿವಿ ಅತ್ಯಂತ ಚುರುಕಾಗಿರುವ ಪ್ರದೇಶ. ಅಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೂ ಕಷ್ಟ, ಇಬ್ಬರೂ ಮೌನವಾದರೂ ಕಷ್ಟ.

ಹ್ಯೂಲೆಟ್ ಪ್ಯಾಕರ್ಡ್ ಸಂಸ್ಥೆಯಲ್ಲಿ ಇಂಜಿನಿಯರರಾಗಿದ್ದ ಸೀಗ್‌ಫ್ರೀಡ್ ಲಿಂಕ್‌ವಿಟ್ಸ್ ಸ್ಪೀಕರ್ ನಿರ್ಮಾಣವನ್ನು ಹವ್ಯಾಸವಾಗಿ ಹಿಡಿದವರು. ಸಹೋದ್ಯೋಗಿ ರಸ್ ರೈಲಿಯವರ ನೆರವಿನಿಂದ ಅವರು 1976ರಲ್ಲಿ ಪ್ರಕಟಿಸಿದ ಕ್ರಮದಲ್ಲಿ, ಗಡಿಯ ಸ್ವರದಲ್ಲಿ ಇಬ್ಬರೂ 6 ಡೆಸಿಬೆಲ್ ತಗ್ಗಿ, ಒಂದೇ ಹೆಜ್ಜೆಯಲ್ಲಿ ಕೂಡಿ, ಮೊತ್ತ ಸರಿಯಾಗಿ ಸಮನಾಗುವುದು. ಹವ್ಯಾಸಿಯೊಬ್ಬನ ಈ ಲೆಕ್ಕವೇ ಇಂದು ವೃತ್ತಿಪರರ ಯಂತ್ರಗಳಲ್ಲಿಯೂ ಬಳಕೆಯಲ್ಲಿದೆ. 2018ರಲ್ಲಿ ತೀರಿಕೊಳ್ಳುವವರೆಗೂ ಅವರು ಮನೆಯಲ್ಲಿ ಸ್ಪೀಕರ್ ಮಾಡುವವರಿಗಾಗಿ ನಕ್ಷೆಗಳನ್ನು ಒದಗಿಸುತ್ತಿದ್ದರು.

ಕ್ರಾಸ್‌ಓವರಿನ ಮಹಿಮೆಗೆ ಬಿ.ಬಿ.ಸಿ. ಸಂಸ್ಥೆಯ ಎಲ್‌ಎಸ್3/5ಎ ಎಂಬ ಸ್ಪೀಕರಿಗಿಂತ ಮಿಗಿಲಾದ ಉದಾಹರಣೆ ಬೇಕಿಲ್ಲ. ಸ್ಟುಡಿಯೋಗಳ ನಾದಗುಣವನ್ನು ಎಂಟನೆಯ ಒಂದರಷ್ಟು ಕಿರಿದಾದ ಮಾದರಿಯಲ್ಲಿ ಪರೀಕ್ಷಿಸಲು ನಡೆದ ಪ್ರಯೋಗಗಳಿಂದ 1970ರ ದಶಕದಲ್ಲಿ ಹುಟ್ಟಿಬಂದ ಈ ಪುಟ್ಟ ಪೆಟ್ಟಿಗೆ, ಹೊರಾಂಗಣ ಪ್ರಸಾರದ ವ್ಯಾನಿನ ಇಕ್ಕಟ್ಟಿನಲ್ಲಿ ಕೆಲಸ ಮಾಡುವವರಿಗೆಂದು ಸಿದ್ಧವಾಯಿತು. ಅದರಲ್ಲಿದ್ದುದು ಕೆ.ಇ.ಎಫ್. ಕಂಪನಿಯ ಐದಂಗುಲದ ಬಿ110 ಮತ್ತು ಟಿ27 ಟ್ವೀಟರ್. ಯಾರು ಬೇಕಾದರೂ ಅಂಗಡಿಯಲ್ಲಿ ಕೊಳ್ಳಬಹುದಾಗಿದ್ದ ಡ್ರೈವರುಗಳು. ಅಸಾಧಾರಣವಾಗಿದ್ದುದು ಅವುಗಳ ಒಂದೊಂದು ಕುಂದನ್ನೂ ಅಳೆದು ತಿದ್ದಿದ ಕ್ರಾಸ್‌ಓವರ್. ಮನುಷ್ಯಕಂಠವನ್ನು ಅದು ನುಡಿಸುವ ರೀತಿಗೆ ಇಂದಿಗೂ ಮನಸೋಲುವವರಿದ್ದಾರೆ.

ಇದಕ್ಕೆ ತದ್ವಿರುದ್ಧವಾದ ದಾರಿಯೂ ಇದೆ. 1960ರ ದಶಕದ ಕೊನೆಯಲ್ಲಿ ಬಂದ ಡೈನಾಕೊ ಎ25 ಎಂಬ ಸ್ಪೀಕರಿಗೆ ಸೀಸ್ ಸಂಸ್ಥೆ ಡ್ರೈವರುಗಳನ್ನು ಒದಗಿಸಿತ್ತು. ವೂಫರ್ ತಾನಾಗಿಯೇ ಮೆಲ್ಲಗೆ ಹಿಂದೆ ಸರಿಯುವಂತೆ ಇದ್ದುದರಿಂದ ಅದರ ಕ್ರಾಸ್‌ಓವರ್ ತೀರ ಸರಳ. ಚಿನ್ನದ ಬೆಲೆಯ ಕೆಪಾಸಿಟರುಗಳನ್ನು ಹುಡುಕಿ ಅಲೆಯುವವರು ಇದನ್ನು ನೆನೆಯಬೇಕು. ಕೆಪಾಸಿಟರಿನ ಅಳತೆ ತಪ್ಪಾಗಿದ್ದರೆ ಅದರ ಬೆಲೆ ಏನನ್ನೂ ಸರಿಪಡಿಸದು.

ಮೊದಲ ಸಲ ಕೈಹಾಕುವವರು ಸ್ವಂತ ವಿನ್ಯಾಸದ ಗೋಜಿಗೆ ಹೋಗದೆ, ಬಲ್ಲವರು ಅಳೆದು ಪ್ರಕಟಿಸಿದ ನಕ್ಷೆಯೊಂದನ್ನು ಡ್ರೈವರ್, ಪೆಟ್ಟಿಗೆಯ ಮುಖದ ಅಗಲ, ಕ್ರಾಸ್‌ಓವರ್ ಮೂರನ್ನೂ ಒಂದಿಷ್ಟೂ ಬದಲಿಸದೆ ಅನುಸರಿಸುವುದು ಕ್ಷೇಮ. “ಅದೇ ನಕ್ಷೆ, ಆದರೆ ಇನ್ನೂ ಒಳ್ಳೆಯ ಟ್ವೀಟರ್” ಎಂದು ಹೊರಟಲ್ಲಿ ನಕ್ಷೆ ಮುಗಿದಂತೆಯೇ.

ಹಲಗೆ ಮತ್ತು ಮರಳು

ಬಡಗಿ ಕೆಲಸದಲ್ಲಿ ಹೇಳಬೇಕಾದುದು ಕಡಿಮೆ. 18 ಮಿ.ಮೀ. ದಪ್ಪದ ಪ್ಲೈವುಡ್ ಅಥವಾ ಎಂ.ಡಿ.ಎಫ್. ಸಾಕು, ಕರಾವಳಿಯ ತೇವಕ್ಕೆ ಎಂ.ಡಿ.ಎಫ್. ಅಂಚುಗಳು ಉಬ್ಬುವುದರಿಂದ ಅಲ್ಲಿ ಒಳ್ಳೆಯ ಪ್ಲೈವುಡ್ಡೇ ಮೇಲು. ಎಂ.ಡಿ.ಎಫ್. ಕುಯ್ಯುವಾಗ ಏಳುವ ನಯವಾದ ಧೂಳು ಶ್ವಾಸಕೋಶಕ್ಕೆ ಕೆಟ್ಟದು. ಮೂಗು ಬಾಯಿ ಮುಚ್ಚಿಕೊಂಡು, ಮಕ್ಕಳನ್ನು ದೂರವಿಟ್ಟು ಕೆಲಸ ಮಾಡಬೇಕು. ಮರದ ಡಿಪೋದಲ್ಲಿಯೇ ಯಂತ್ರದಲ್ಲಿ ಅಳತೆಗೆ ಕುಯ್ಯಿಸಿ ತರುವುದು ಎಲ್ಲಕ್ಕಿಂತ ಜಾಣತನ. ಕೀಲುಗಳಲ್ಲಿ ಸೂಜಿಮೊನೆಯಷ್ಟೂ ಗಾಳಿ ಸೋರಬಾರದು.

ಹಲಗೆ ತಾನೇ ಹಾಡದಂತೆ ಮಾಡುವುದರಲ್ಲಿ ಎರಡು ಪಂಥಗಳಿವೆ. ಯಾರ್ಕ್‌ಷೈರಿನ ಗಿಲ್ಬರ್ಟ್ ಬ್ರಿಗ್ಸ್, 1932ರಲ್ಲಿ ಮನೆಯ ನೆಲಮಾಳಿಗೆಯಲ್ಲಿ ಸ್ಪೀಕರ್ ಮಾಡಲಾರಂಭಿಸಿ ವಾರ್ಫ್‌ಡೇಲ್ ಸಂಸ್ಥೆಯನ್ನು ಕಟ್ಟಿದವರು, ಎರಡು ಪದರ ಹಲಗೆಗಳ ನಡುವೆ ಒಣಮರಳು ತುಂಬುತ್ತಿದ್ದರು. ಬಿ.ಬಿ.ಸಿ.ಯವರು ತೆಳು ಹಲಗೆಯನ್ನೇ ಬಳಸಿ ಒಳಬದಿಗೆ ಕಂಪನ ನುಂಗುವ ಪದರ ಅಂಟಿಸಿದರು. ಎರಡೂ ಫಲಿಸಿವೆ. ಬ್ರಿಗ್ಸರ ಪೆಟ್ಟಿಗೆಯನ್ನು ಎತ್ತಿಡಲು ಮಾತ್ರ ನೆರೆಮನೆಯವರನ್ನೂ ಕರೆಯಬೇಕಾದೀತು.

ಕಣ್ಣು ಮುಚ್ಚಿ ಕೇಳುವ ಪರೀಕ್ಷೆ

ಹಿಂದೆ ದೊಡ್ಡ ಪ್ರಯೋಗಶಾಲೆಗಳಿಗಷ್ಟೇ ಸಾಧ್ಯವಿದ್ದ ಅಳತೆ ಇಂದು ಮನೆಯ ಮೇಜಿನ ಮೇಲೆ ಸಾಧ್ಯವಾಗಿದೆ. ಅಳತೆಗೆಂದೇ ಮಾಡಿದ ಸಣ್ಣ ಮೈಕ್ರೊಫೋನು, ಉಚಿತವಾಗಿ ದೊರೆಯುವ ರೂಮ್ ಈಕ್ಯೂ ವಿಝರ್ಡಿನಂಥ ಕಂಪ್ಯೂಟರ್ ತಂತ್ರಾಂಶ, ಇವಿದ್ದರೆ ಸ್ಪೀಕರಿನ ಏರಿಳಿತ ರೇಖೆಯಾಗಿ ಪರದೆಯ ಮೇಲೆ ಮೂಡುವುದು. ಅದನ್ನು ಎದುರಿನಿಂದಲೂ ಬದಿಯಿಂದಲೂ ಅಳೆಯಬೇಕು. ಕೆನಡದ ರಾಷ್ಟ್ರೀಯ ಸಂಶೋಧನಾ ಮಂಡಲಿಯಲ್ಲಿ ಫ್ಲಾಯ್ಡ್ ಟೂಲ್ ವರ್ಷಗಟ್ಟಲೆ ನಡೆಸಿದ ಶ್ರವಣಪರೀಕ್ಷೆಗಳಲ್ಲಿ ಜನ ಮೆಚ್ಚಿದ್ದು, ಎದುರಿಗೆ ರೇಖೆ ಸಮನಾಗಿದ್ದು ಬದಿಗಳಲ್ಲಿ ನುಣುಪಾಗಿ ಇಳಿಯುವ ಸ್ಪೀಕರುಗಳನ್ನು.

ರೇಖೆಯನ್ನು ನೋಡಿದವರಿಗೂ ಕಿವಿಯ ಮೇಲೆಯೇ ಹೆಚ್ಚು ನಂಬಿಕೆ. ಆದರೆ ಕಿವಿಗೆ ಕಣ್ಣಿನ ಪಿಸುಮಾತು ಕೇಳಿಸುತ್ತಲೇ ಇರುತ್ತದೆ. ಟೂಲ್ ಮತ್ತು ಷಾನ್ ಆಲಿವ್ ಎಂಬವರು 1994ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಅದೇ ಜನ ಅದೇ ಸ್ಪೀಕರುಗಳನ್ನು ಒಮ್ಮೆ ಕಣ್ಣಾರೆ ಕಂಡು, ಇನ್ನೊಮ್ಮೆ ಪರದೆಯ ಮರೆಯಲ್ಲಿ ಕೇಳಿ ಅಂಕ ಕೊಟ್ಟರು. ಕಂಡು ಕೇಳಿದಾಗ ಗಾತ್ರಕ್ಕೂ ಅಂದಕ್ಕೂ ಸಿಕ್ಕ ಅಂಕಗಳು ಮರೆಯಲ್ಲಿ ಸಿಕ್ಕಲಿಲ್ಲ. ಅನುಭವಸ್ಥರೂ ಈ ಮೋಹದಿಂದ ಪಾರಾಗಲಿಲ್ಲ. ಇನ್ನು ತಿಂಗಳುಗಟ್ಟಲೆ ಮರಳುಕಾಗದ ಉಜ್ಜಿ, ಬೆರಳು ಸುಟ್ಟುಕೊಂಡು ಬೆಸುಗೆ ಹಾಕಿದವನ ಕಿವಿಯ ಗತಿಯೇನು? ತಾನು ಕಟ್ಟಿದ ಪೆಟ್ಟಿಗೆಯನ್ನು ಅವನು ಎಂದಿಗೂ ಅಪರಿಚಿತನಂತೆ ಕೇಳಲಾರ. ಆದ್ದರಿಂದ ತೆಳುಬಟ್ಟೆಯ ಪರದೆ ಕಟ್ಟಿ, ಎರಡೂ ಸ್ಪೀಕರುಗಳ ಸದ್ದನ್ನು ಸಮನಾಗಿಟ್ಟು, ಯಾವುದು ನುಡಿಯುತ್ತಿದೆಯೆಂದು ಹೇಳದೆ ಮನೆಯವರನ್ನು ಕೂರಿಸಿ ಕೇಳುವುದು ಒಳ್ಳೆಯದು. ಅಡುಗೆಮನೆಯಿಂದ ಕೈಯೊರಸಿಕೊಂಡು ಬಂದವರು “ಎರಡನೆಯದರಲ್ಲಿ ಮಾತು ತಿಳಿಯುತ್ತದೆ, ಮೊದಲನೆಯದರಲ್ಲಿ ‘ಸ’ಕಾರ ಚುಚ್ಚುತ್ತದೆ” ಎಂದರೆ, ಅದು ಗಡಿಯ ಬಳಿ ಟ್ವೀಟರನ್ನು ಇನ್ನೂ ತಗ್ಗಿಸಬೇಕೆಂಬುದಕ್ಕೆ ಸಾಕ್ಷಿ. ಪರೀಕ್ಷೆಗೆ ಆರ್ಕೆಸ್ಟ್ರಾ, ಗುಡುಗುಗಳಿಗಿಂತ ಪರಿಚಿತ ಕಂಠವೊಂದು ಓದಿದ ವಾರ್ತೆ ಲೇಸು. ಮನುಷ್ಯನ ದನಿಯಲ್ಲಿ ಕೃತಕತೆ ಸೇರಿದರೆ ಮಗುವಿಗೂ ತಿಳಿಯುವುದು.

ಕೂರಿಸುವಾಗ ಟ್ವೀಟರ್ ಕುಳಿತವರ ಕಿವಿಯ ಎತ್ತರಕ್ಕೆ ಬರಲಿ. ಎರಡು ಪೆಟ್ಟಿಗೆಗಳೂ ಕೇಳುವವರೂ ಸಮತ್ರಿಕೋನವಾಗಿರಲಿ. ಮೂಲೆಗೆ ತಳ್ಳಿದರೆ ಮಂದ್ರ ಉಬ್ಬುವುದು. ಗೋಡೆಯಿಂದ ಮುಂದಕ್ಕೆ ಎಳೆದಷ್ಟೂ ತಿಳಿಯಾಗುವುದು, ನಡೆದಾಡುವವರ ಕಾಲಿಗೆ ತಗಲುವುದೂ ಅಷ್ಟೇ ನಿಜ. ರೇಷ್ಮೆಯ ಗುಮ್ಮಟದ ಟ್ವೀಟರನ್ನು ಕಂಡ ಮಗುವಿನ ಬೆರಳು ಅದನ್ನು ಒತ್ತದೆ ಇರಲಾರದು. ಒಳಕ್ಕೆ ಕುಸಿದ ಗುಮ್ಮಟ ಅಂಟುಪಟ್ಟಿಯಿಂದ ಮೆಲ್ಲಗೆ ಎಳೆದರೆ ಒಮ್ಮೊಮ್ಮೆ ಹೊರಕ್ಕೆ ಬರುವುದು, ಒಮ್ಮೊಮ್ಮೆ ಬರುವುದಿಲ್ಲ. ಸ್ಪೀಕರಿನ ಮುಖಕ್ಕೆ ಹೊದಿಸುವ ಜಾಳು ಬಟ್ಟೆಯ ಚೌಕಟ್ಟನ್ನು ಮೊದಲ ದಿನವೇ ಸಿದ್ಧಮಾಡಿಕೊಳ್ಳುವುದು ವಿವೇಕ.